ಹಿಂದಿನ ಗಾಜು

2024 ಮೇ 19, ಭಾನುವಾರ

ಗಾಡಿ ಖಾಲಿ ಇದ್ದರೆ ಮಾತ್ರ ಈ ಸದ್ದು. ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಹೋಗುವಾಗ ಕ್ಯಾಬಿನ್ನಿನ ಹಿಂದಿನ ಗಾಜು ತೆಪ್ಪಗಿರುತ್ತದೆ. ಮೂಟೆ ಇಳಿಸಿ, ಲೆಕ್ಕದ ಚೀಟಿ ಇಸಕೊಂಡು, ವಾಪಸು ಗಾಜನೂರು ದಾಟುವಷ್ಟರಲ್ಲಿ ಶುರು. ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಝರ್ರ್ ಎಂಬ ಒಂದೇ ಎಳೆ. ಎರಡನೇ ಗೇರಿಗೆ ಬಿದ್ದರೆ ಗಡಗಡ. ಮೂರರಲ್ಲಿ ಕೊಂಚ ಸುಮ್ಮನಾಗುತ್ತದೆ, ರಸ್ತೆ ಕಿತ್ತ ಜಾಗ ಸಿಕ್ಕಿದ್ದೇ ಮತ್ತೆ ಗಡಗಡ. ನಿನ್ನೆ ತೀರ್ಥಹಳ್ಳಿ ಮುಟ್ಟುವವರೆಗೆ ಇದೇ ಕೇಳಿದ್ದು.

ಖಾಲಿ ಇದ್ದಾಗಲೇ ಯಾಕೆ ಎನ್ನುವುದು ಕಷ್ಟದ ಪ್ರಶ್ನೆಯೇನಲ್ಲ. ಹಿಂದಿನ ಲೀಫ್ ಸ್ಪ್ರಿಂಗು ಭಾರಕ್ಕೆಂದೇ ಮಾಡಿದ್ದು. ಮೇಲೆ ಮೂಟೆ ಕೂತರೆ ಬಗ್ಗುತ್ತದೆ, ಹೊಂಡದ ಪೆಟ್ಟನ್ನು ತಾನು ನುಂಗುತ್ತದೆ. ಖಾಲಿ ಇದ್ದರೆ ಬಗ್ಗುವುದೇ ಇಲ್ಲ, ಪೆಟ್ಟು ಪೂರಾ ಚಾಸಿಗೂ ಕ್ಯಾಬಿನ್ನಿಗೂ ಹೋಗುತ್ತದೆ. ನಿಂತ ಗಾಡಿಯ ಝರ್ರ್‌ಗೆ ಕಾರಣ ಬೇರೆ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಡೀಸೆಲ್ ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ 800 ಸುತ್ತು ಅಂದರೆ ಸೆಕೆಂಡಿಗೆ ಸುಮಾರು 27 ಪೆಟ್ಟು. ಸಡಿಲವಾದ ಯಾವುದೋ ಒಂದು ಆ 27ಕ್ಕೆ ತಾಳ ಹಾಕುತ್ತಿದೆ. ತುಂಗಾ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದ್ದು ಇಷ್ಟಕ್ಕಾದರೂ ಬಂತು.

ಗಾಡಿ 2006ರದ್ದು. ನಾವು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ವರ್ಷ ವರ್ಷ ಎಫ್‌ಸಿ ಆಗುತ್ತದೆ, ಎಂಜಿನ್ನಿಗೆ ಏನೂ ಆಗಿಲ್ಲ. ತಮ್ಮ ಬೆಂಗಳೂರಿಂದ ಫೋನ್ ಮಾಡಿದ್ದವನು "ಒಳ್ಳೆ ಮ್ಯೂಸಿಕ್ ಸಿಸ್ಟಮ್ ಹಾಕಿಸು, ಕೇಳ್ಸೋದೇ ಇಲ್ಲ" ಅಂದ. ನನಗೇನೋ ಅಭ್ಯಾಸ ಆಗಿಹೋಗುತ್ತಿತ್ತು. ತೊಂದರೆ ಅಪ್ಪಯ್ಯನಿಗೆ. ಅವರ ಕಿವಿಯ ಮಷೀನು ಮಾತಿಗಿಂತ ಮೊದಲು ಇಂಥ ಕುಟ್ಟುವ ಸದ್ದನ್ನೇ ಹಿಡಿದು ದೊಡ್ಡದು ಮಾಡಿ ಕೊಡುತ್ತದೆ. ಅದಕ್ಕೆ ಗಾಡಿ ಹತ್ತಿದ ಕೂಡಲೇ ಮಷೀನು ಬಿಚ್ಚಿ ಜೇಬಿಗೆ ಹಾಕುತ್ತಾರೆ. ಅಲ್ಲಿಗೆ ಅರವತ್ತು ಕಿಲೋಮೀಟರೂ ಮಾತಿಲ್ಲ. ನಾನು ಕೇಳಿದ್ದು ಅವರಿಗೆ ಕೇಳದು, ಅವರು ತಮಗೇ ಹೇಳಿಕೊಂಡಿದ್ದು ನನಗೆ ಕೇಳದು.

ಮಳೆ ಹಿಡಿಯುವುದರೊಳಗೆ ಇದನ್ನು ನೋಡಿಬಿಡಬೇಕು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಕೆಲಸ ಶುರುವಾದರೆ ಗಾಡಿಗೆ ಬಿಡುವಿಲ್ಲ.

ಮೇ 21, ಮಂಗಳವಾರ

ಸದ್ದು ಹುಡುಕಲು ಮೊದಲು ಗಾಡಿಯನ್ನು ಬೋಳು ಮಾಡಬೇಕು. ಸೀಟಿನ ಹಿಂದಿದ್ದ ಜಾಕು, ಸ್ಪ್ಯಾನರ್ ಚೀಲ, ಟಾರ್ಪಾಲಿನ ಹಗ್ಗ, ಕತ್ತಿ, ಪ್ರಥಮ ಚಿಕಿತ್ಸೆಯ ಡಬ್ಬ ಎಲ್ಲ ಜಗಲಿಗೆ ಬಂತು. ಕೆಲಸದ ಹುಡುಗ ಒಂದು ರೊಟ್ಟಿನ ತುಂಡನ್ನು ಮಡಿಸಿ ಗಾಜಿನ ಮೂಲೆಗೆ ಸಿಗಿಸಿಟ್ಟಿದ್ದ. ಅದನ್ನೂ ತೆಗೆಸಿದೆ. "ಅಕ್ಕ, ಅದಿದ್ರೆ ಒಂಚೂರು ಕಮ್ಮಿ ಇರ್ತದೆ" ಅಂದ. ಕಮ್ಮಿ ಇರುವುದು ನಿಜ. ನಾನು ಕಂಡ ಹಳೇ ಪಿಕಪ್ಪುಗಳಲ್ಲೆಲ್ಲ ಹಿಂದಿನ ಗಾಜಿನ ಸಂದಿಗೆ ಇಂಥದ್ದೊಂದು ಸಿಕ್ಕಿಸಿಯೇ ಇರುತ್ತದೆ: ರೊಟ್ಟು, ಸಿಗರೇಟು ಪ್ಯಾಕು, ಹವಾಯಿ ಚಪ್ಪಲಿಯ ತುಂಡು. ಮಳೆಗಾಲದಲ್ಲಿ ಅದು ನೀರು ಕುಡಿದು, ತಗಡಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗೆ ಕೂತಿರುತ್ತದೆ.

ಆಮೇಲೆ ಹೊರಗಿನದು. ಗಾಜಿಗೆ ದೋಟಿ, ಬಿದಿರು ಹೊಡೆಯಬಾರದೆಂದು ಹಿಂದೆ ಕಬ್ಬಿಣದ ಸರಳಿನ ಚೌಕಟ್ಟು ಇದೆ. ಅದರ ಎರಡು ಬೋಲ್ಟು ಕೈಯಲ್ಲೇ ತಿರುಗಿದವು. ಸ್ಪ್ರಿಂಗ್ ವಾಷರ್ ಹಾಕಿ ಬಿಗಿದು, ಬಾಡಿಗೆ ತಾಗುವ ಕಡೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಕೊಟ್ಟೆವು. ರಸ್ತೆಗೆ ಇಳಿಸಿದರೆ ಸದ್ದಿನಲ್ಲಿ ಅರ್ಧ ಹೋಗಿತ್ತು. ಎರಡು ಸದ್ದು ಸೇರಿ ಒಂದಾಗಿ ಕೇಳುತ್ತಿದ್ದದ್ದು ಹಾಗೆ. ಹೋದ ಅರ್ಧ ಕಬ್ಬಿಣದ್ದು, ಮಿಕ್ಕಿದ್ದು ಗಾಜಿನದೇ.

ಮಿಕ್ಕಿದ್ದು ಎಲ್ಲಿಂದ ಎಂದು ಹೇಳುವುದು ಸುಲಭವಲ್ಲ. ಕ್ಯಾಬಿನ್ನು ಸಣ್ಣ ತಗಡಿನ ಪೆಟ್ಟಿಗೆ. ಒಳಗೆ ಹುಟ್ಟಿದ ಸದ್ದು ನಾಲ್ಕು ಕಡೆ ಬಡಿದು ತಲೆಯ ಹಿಂದೆಯೇ ಬಂದು ಕೂರುತ್ತದೆ. ಗ್ಯಾಸಿನ ಹಳೇ ಪೈಪಿನ ತುಂಡೊಂದನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಗಾಜಿನ ಅಂಚಿನಗುಂಟ ನಿಧಾನಕ್ಕೆ ಓಡಿಸಿದೆ. ಎಂಜಿನ್ ಐಡ್ಲಿಂಗಿನಲ್ಲಿ ಇತ್ತು. ಮೇಲಿನ ಅಂಚಿನಲ್ಲಿ ಏನಿಲ್ಲ, ಬಲಕ್ಕೆ ಏನಿಲ್ಲ. ಕೆಳಗೆ ಎಡಮೂಲೆಗೆ ಬರುತ್ತಲೂ ಕಿವಿಯೊಳಗೇ ಕುಟ್ಟಿದ ಹಾಗಾಯಿತು. ಅಲ್ಲಿ ಅಂಗೈ ಒತ್ತಿ ಹಿಡಿದರೆ ನಿಂತುಹೋಗುತ್ತದೆ, ಬಿಟ್ಟರೆ ಶುರು.

ಮದುವೆ ಕರೆಯೋಲೆಯ ದಪ್ಪ ಕಾಗದ ಕತ್ತರಿಸಿ ರಬ್ಬರ್ ಬೀಡಿಂಗಿಗೂ ತಗಡಿಗೂ ನಡುವೆ ತೂರಿಸಿ ನೋಡಿದೆ. ಬೇರೆಲ್ಲ ಕಡೆ ತುದಿಯೂ ಹೋಗಲಿಲ್ಲ. ಎಡಮೂಲೆಯಲ್ಲಿ ವಧೂವರರ ಹೆಸರಿನವರೆಗೆ ಒಳಗೆ ಹೋಯಿತು.

ಮೇ 23, ಗುರುವಾರ

ನಿನ್ನೆ ಸಂಜೆ ಕೃತ್ತಿಕೆ ಮಳೆ ಬಡಿಯಿತು, ಗುಡುಗು ಮಿಂಚಿನ ಜತೆ. ಮಳೆಯಲ್ಲೇ ಕೊಪ್ಪದ ಕಡೆ ಹೋಗಿ ಬಂದೆ. ಖಾಲಿ ಗಾಡಿ, ಆದರೂ ಗಾಜು ಚಕಾರ ಎತ್ತಲಿಲ್ಲ. ಹುಡುಗನಿಗೆ ಖುಷಿಯೋ ಖುಷಿ. ಇವತ್ತು ಮಧ್ಯಾಹ್ನ ಬಿಸಿಲು ಬಿತ್ತು, ಸದ್ದು ಮರಳಿತು.

ಸಂದಿಗೆ ನೀರು ತುಂಬಿಕೊಂಡರೆ ಎರಡು ಗಟ್ಟಿ ವಸ್ತು ಒಂದಕ್ಕೊಂದು ಬಡಿಯುವ ಪೆಟ್ಟು ಮೆತ್ತಗಾಗುತ್ತದೆ, ಅಷ್ಟೇ. ಆದರೆ ಸಂದಿಗೆ ಹೋದ ನೀರು ಎಲ್ಲಿಗೆ ಹೋಯಿತು? ಸೀಟಿನ ಬೆನ್ನು ಎಳೆದು ನೋಡಿದರೆ ಅದರ ಹಿಂದಿನ ತಗಡು ಒದ್ದೆ, ಕೆಳಗಿನ ಮ್ಯಾಟಿನಡಿ ಒದ್ದೆ. ಸೀಟಿನ ಮುಗ್ಗಲು ವಾಸನೆಗೆ ನಾವು ಇಷ್ಟು ದಿನ ಗೊಬ್ಬರದ ಚೀಲವನ್ನು ಬೈಯುತ್ತಿದ್ದೆವು.

ಬಿಸಿಲಿಗೆ ಗಾಜು, ತಗಡು ಹಿಗ್ಗಿ ಸಂದಿ ಆಗುತ್ತದೇನೋ ಎಂದು ಲೆಕ್ಕ ಹಾಕಿದೆ. ಒಂದು ಮೀಟರ್ ಉದ್ದಕ್ಕೆ, 40 ಡಿಗ್ರಿ ಏರಿದರೂ, ಗಾಜಿಗೂ ಉಕ್ಕಿಗೂ ಹಿಗ್ಗುವುದರಲ್ಲಿ ಬರುವ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗದ ಸುತ್ತಮುತ್ತ. ಕರೆಯೋಲೆ ಹೋಗುವ ಸಂದಿಗೆ ಅದು ಲೆಕ್ಕಕ್ಕಿಲ್ಲ. ರಬ್ಬರಿನದೋ ತಗಡಿನದೋ ದೋಷ ಇರಬೇಕು.

ಮೇ 26, ಭಾನುವಾರ

ಪೇಟೆಯ ಗ್ಯಾರೇಜಿನವರು ನೋಡಿದರು. ಮೇಸ್ತ್ರಿ ಗಾಡಿ ಸುತ್ತ ಒಂದು ಸಲ ಬಂದು, "ಅಕ್ಕ, ಹಳೇ ಗಾಡಿ ಅಂದ್ರೆ ಹಿಂಗೇ. ಒಂದು ಸಿಲಿಕೋನ್ ಟ್ಯೂಬ್ ಹೊಡ್ದು ಬಿಡಣ, ಎರಡೂ ಹೋಗ್ತದೆ, ಸದ್ದೂ ನೀರೂ" ಅಂದರು. ಆಗಲೇ ಯಾರೋ ಹಾಗೆ ಹೊಡೆದು ಬಿಟ್ಟಿದ್ದಾರೆ. ನಮಗಿಂತ ಹಿಂದಿನವರ ಕಾಲದ್ದು. ಹೊರಗಡೆ ಅಂಚಿನಗುಂಟ ಹಳದಿಗಟ್ಟಿದ ಸಿಲಿಕೋನ್ ಉಗುರಿನಲ್ಲಿ ಎತ್ತಿದರೆ ಪಟ್ಟಿಯಾಗಿ ಎದ್ದು ಬಂತು. ಅದರ ಬೆನ್ನಿಗೆ ತುಕ್ಕಿನ ಪುಡಿ.

ಅಂಗಡಿಯಲ್ಲಿ ಸಲೀಸಾಗಿ ಸಿಗುವ ಅಗ್ಗದ ಸಿಲಿಕೋನ್ ಹಿಂಡಿದಾಗ ವಿನೆಗರಿನ ವಾಸನೆ ಬರುತ್ತದೆ. ಬರೀ ವಾಸನೆಯಲ್ಲ, ಅದು ನಿಜವಾಗಿಯೂ ಅಸಿಟಿಕ್ ಆಮ್ಲ, ಗಟ್ಟಿಯಾಗುವಾಗ ಬಿಡುತ್ತದೆ. ಬಚ್ಚಲುಮನೆಯ ಟೈಲ್ಸಿಗೆ, ಗಾಜಿನ ತೊಟ್ಟಿಗೆ ಅಡ್ಡಿಯಿಲ್ಲ. ಬಣ್ಣ ಹೋದ ಬರೀ ತಗಡಿನ ಮೇಲೆ ಹಾಕಿದರೆ ತುಕ್ಕಿಗೆ ನಾವೇ ಮಣೆ ಹಾಕಿ ಕರೆದಂತೆ. ಮೇಸ್ತ್ರಿಗೆ ಹೇಳಿದೆ. "ಎಲ್ಲರೂ ಹೊಡೀತಾರಲ್ಲ" ಅಂದರು. ಎಲ್ಲರೂ ಹೊಡೆಯುವುದು ಹೌದು. ಅವರೊಂದಿಗೆ ವಾದಕ್ಕೆ ನಿಲ್ಲಲಿಲ್ಲ. ಬೇರೆ ಎಲ್ಲ ಕೆಲಸದಲ್ಲಿ ಒಳ್ಳೆಯ ಕೈ ಅವರದು.

ಬೀಡಿಂಗ್ ಮಾತ್ರ ಪೂರ್ತಿ ಮುಗಿದಿದೆ. ಉಗುರು ಒತ್ತಿದರೆ ಗುರುತು ಬೀಳುವುದಿಲ್ಲ, ಮೂಲೆಯಲ್ಲಿ ಬಗ್ಗಿಸಿದರೆ ಸೀಳು ಕಾಣುತ್ತದೆ. ಬಿಸಿಲು, ಗಾಳಿಯ ಓಝೋನು ಎರಡೂ ರಬ್ಬರಿಗೆ ಆಗದು. ಅದರ ಮೇಲೆ ಗಾಡಿ ತೊಳೆದಾದ ಮೇಲೆ ಹುಡುಗ ಮಿಂಚಲೆಂದು ಡೀಸೆಲ್ ಬಟ್ಟೆಯಲ್ಲಿ ಒರೆಸುತ್ತಾನೆ. ಹೊಸತರ ಹಾಗೆ ಕಪ್ಪಗೆ ಮಿಂಚುತ್ತದೆ ನಿಜ, ಆದರೆ ಡೀಸೆಲ್, ಗ್ರೀಸ್, ಎಂಜಿನ್ ಆಯಿಲ್ ಯಾವುದೂ ಈ ಜಾತಿಯ ರಬ್ಬರಿಗೆ ಸೋಕಬಾರದು. ಕುಡಿದು ಉಬ್ಬುತ್ತದೆ, ಆಮೇಲೆ ಸತ್ವ ಹೋಗಿ ಒಡೆಯುತ್ತದೆ. ಸೋಪಿನ ನೀರು ಸಾಕು, ಹೆಚ್ಚೆಂದರೆ ಸಿಲಿಕೋನ್ ಸ್ಪ್ರೇ. ಹೆಸರು ಒಂದೇ, ಟ್ಯೂಬಿನಲ್ಲಿ ಬರುವುದು ಬೇರೆ, ಸ್ಪ್ರೇ ಬೇರೆ.

ರೋಹಿಣಿ ಮಳೆ ನಿನ್ನೆಯೇ ಹೂಡಿತು. ಔಷಧಿ ಹೊಡೆಯುವ ಕೊನೆಗಾರನಿಗೆ ಹೇಳಿ ಕಳಿಸಿದೆ, ಮುಂದಿನ ತಿಂಗಳ ಎರಡನೇ ವಾರ ಅಂದಿದ್ದಾನೆ.

ಜೂನ್ 4, ಮಂಗಳವಾರ

ಶಿವಮೊಗ್ಗ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಅಂಗಡಿ ಅಂಗಡಿಯಲ್ಲೂ ಟಿವಿ, ಲೋಕಸಭೆ ಚುನಾವಣೆಯ ಮತ ಎಣಿಕೆ. ಗಾಜಿನ ಅಂಗಡಿಯವರ ಕಣ್ಣೂ ಅಲ್ಲೇ. ಮಧ್ಯಾಹ್ನದವರೆಗೆ ಯಾರಿಗೂ ಸ್ಪ್ಯಾನರ್ ಹಿಡಿಯುವ ಮನಸ್ಸಿಲ್ಲ. ನನಗೆ ಅದೇ ಅನುಕೂಲವಾಯಿತು: ಪ್ರಶ್ನೆ ಕೇಳಿದರೆ ಗಡಿಬಿಡಿಯಿಲ್ಲದೆ ಉತ್ತರ ಹೇಳುತ್ತಿದ್ದರು.

ಬೀಡಿಂಗು ಅಡಿ ಲೆಕ್ಕದಲ್ಲಿ ಸಿಗುತ್ತದೆ. ಸುರುಳಿ ಸುರುಳಿ ನೇತುಹಾಕಿದ್ದಾರೆ, ದೂರದಿಂದ ಎಲ್ಲ ಒಂದೇ. ಹತ್ತಿರ ಹಿಡಿದರೆ ಒಂದೊಂದರ ಅಡ್ಡಕೊಯ್ತ ಬೇರೆ. ಎರಡು ಕಡೆ ಎರಡು ಸೀಳು ಇರುತ್ತದೆ: ಒಂದರಲ್ಲಿ ಗಾಜು ಕೂರಬೇಕು, ಇನ್ನೊಂದರಲ್ಲಿ ಕಿಂಡಿಯ ಸುತ್ತಲಿನ ತಗಡಿನ ಅಂಚು. ಗಾಜು ನಾಲ್ಕು ಮಿಲಿಮೀಟರೋ ಐದೋ, ತಗಡು ಒಂದು ಪದರವೋ ಎರಡೋ, ಅದರ ಮೇಲೆ ಯಾವ ಬೀಡಿಂಗು ಎಂದು ತೀರ್ಮಾನ. ಅರ್ಧ ಮಿಲಿಮೀಟರ್ ಸಡಿಲ ಇದ್ದರೂ ಹೊಸ ರಬ್ಬರಿನಲ್ಲೇ ಹಳೇ ಸದ್ದು. ಹಳೆಯದರ ಒಂದು ತುಂಡು ಕತ್ತರಿಸಿ ಒಯ್ದಿದ್ದೆ. ಅಂಗಡಿಯವರು ಅದನ್ನು ಮೂಸಿ ನೋಡಿ, "ಡೀಸೆಲ್" ಅಂದರು, ಬೇರೇನೂ ಅನ್ನಲಿಲ್ಲ.

ಕೊನೆಗೆ ಗಾಜು ಬಿಚ್ಚಿದರು. ಒಳಗಿನ ರಬ್ಬರಿನ ತುಟಿಯನ್ನು ಬ್ಲೇಡಿನಲ್ಲಿ ಸುತ್ತ ಕೊಯ್ದು, ಒಬ್ಬ ಒಳಗಿಂದ ಪಾದದಿಂದ ಮೆಲ್ಲಗೆ ನೂಕಿದ, ಇನ್ನೊಬ್ಬ ಹೊರಗೆ ಹಿಡಿದುಕೊಂಡ. ಇದು ಟಫನ್ಡ್ ಗಾಜು. ಮೂಲೆಯಲ್ಲಿ ಐಎಸ್ 2553ರ ಗುರುತು ಇನ್ನೂ ಓದಲು ಬರುತ್ತದೆ. ಎದುರಿನ ಗಾಜಿನ ಹಾಗೆ ನಡುವೆ ಪ್ಲಾಸ್ಟಿಕ್ ಪದರ ಇರುವುದಿಲ್ಲ. ಅಗಲಕ್ಕೆ ಅಂಗೈ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಒಂದು ಕಲ್ಲಿನ ಚೂರು ಸರಿಯಾಗಿ ತಾಗಿದರೆ ಪೂರ್ತಿ ಗಾಜು ಕಲ್ಲುಪ್ಪಾಗಿ ಸುರಿದುಬಿಡುತ್ತದೆ. ಒಮ್ಮೆ ಹದ ಮಾಡಿದ ಮೇಲೆ ಕತ್ತರಿಸಲೂ ಆಗದು, ಉಜ್ಜಲೂ ಆಗದು. ಗೋಣಿಯ ಮೇಲೆ ಮಲಗಿಸಿ ಇಟ್ಟರು. ಗಾಜಿಗೆ ಒಂದು ಗೀರೂ ಇರಲಿಲ್ಲ.

ತಗಡು ನೋಡಿ ಅಂಗಡಿಯವರು ನನ್ನನ್ನು ಕರೆದರು. "ಅಕ್ಕ, ಇಲ್ನೋಡಿ. ಇದಕ್ಕೆ ನಾನು ಚಿನ್ನದ ಬೀಡಿಂಗ್ ಹಾಕಿದ್ರೂ ನಿಲ್ಲಲ್ಲ." ಕೆಳಗೆ ಎಡಮೂಲೆಯಲ್ಲಿ ಅಂಗೈಯಗಲದಷ್ಟು ಉದ್ದಕ್ಕೆ ತಗಡಿನ ಅಂಚೇ ಇಲ್ಲ. ಇದ್ದದ್ದು ಪದರ ಪದರ ತುಕ್ಕು, ಅದರ ಸಂದಿಯಲ್ಲಿ ಹಸಿರು ನೀಲಿ ಬಣ್ಣದ ಹಕ್ಕಳೆ. ಹಕ್ಕಳೆ ಕೆರೆದಲ್ಲಿ ತಾಮ್ರದ ಕೆಂಪು.

ಆ ಬಣ್ಣ ಕಂಡಮೇಲೆ ಯಾರೂ ಹೇಳಬೇಕಾಗಿರಲಿಲ್ಲ. ಮೈಲುತುತ್ತ.

ಪ್ರತಿ ಮಳೆಗಾಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಕಲಸುವುದು ಇದೇ ಗಾಡಿಯ ಮೇಲೆ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಪಂಪು ಬಲಗಡೆ, ತುತ್ತದ ನೀರಿನ ಡ್ರಮ್ಮು ಎಡಕ್ಕೆ, ಕ್ಯಾಬಿನ್ನಿಗೆ ಒತ್ತಿಕೊಂಡು. ತೋಟದ ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ತುಳುಕಿದ್ದು ಬಿದ್ದದ್ದು ಸರಿಯಾಗಿ ಅದೇ ಮೂಲೆಗೆ. ಔಷಧಿ ಸರಿಯಾಯಿತೇ ಎಂದು ನೋಡಲು ಅಪ್ಪಯ್ಯ ಇವತ್ತಿಗೂ ಕತ್ತಿಯ ಅಲಗು ಅದ್ದುತ್ತಾರೆ: ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಿನ ತಾಮ್ರ ಕಬ್ಬಿಣದ ಜಾಗಕ್ಕೆ ಬಂದು ಕೂರುತ್ತದೆ. ತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ ಎಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ. ಪಾತ್ರೆ ಪ್ಲಾಸ್ಟಿಕ್ಕಿನದಾಯಿತು, ಪಾತ್ರೆ ಹೊತ್ತ ಗಾಡಿ ಕಬ್ಬಿಣದ್ದೇ ಉಳಿಯಿತು.

ಕೆನಡಾದಿಂದ ಬಂದ ಕೋಲ್ಮನ್ ಮೈಸೂರು ಕೃಷಿ ಇಲಾಖೆಯಿಂದ ಕೊಳೆರೋಗದ ಬುಲೆಟಿನ್ ಹೊರಡಿಸಿದ್ದು 1910ರಲ್ಲಿ. ಅದಕ್ಕೂ ಮುಂಚೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿ. ಔಷಧಿ ಬಂದ ಹೊಸತರಲ್ಲಿ ತುತ್ತ ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ, ಗಾಡಿಯ ಮರಕ್ಕೆ ಅದು ಏನೂ ಮಾಡುತ್ತಿರಲಿಲ್ಲ.

ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆ. ಎಣಿಕೆ ಮುಗಿದಿರಲಿಲ್ಲ, ಬಸ್ಸಿನ ತುಂಬ ಅದೇ ಮಾತು.

ಜೂನ್ 6, ಗುರುವಾರ

ಟಿಂಕರಿಂಗಿನವರು ಗಾಜಿನ ಅಂಗಡಿಯ ಹಿಂದಿನ ಸಾಲಿನಲ್ಲೇ. ಬ್ಯಾಟರಿಯ ವೈರು ಕಳಚಿ, ಸೀಟು ಹೊರಗಿಟ್ಟು, ಒದ್ದೆ ಗೋಣಿ ಹಾಸಿ ಕೆಲಸಕ್ಕೆ ಇಳಿದರು. ಹಾಳಾದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದರು. ಹೊಸ ತಗಡನ್ನು ಸುತ್ತಿಗೆಯಲ್ಲಿ ಬಡಿದು ಅಂಚು ಮಡಿಸಿ, ಹಳೇ ಅಂಚಿನ ತುಂಡಿಗೆ ಹಿಡಿದು ಹಿಡಿದು ನೋಡಿ ಕೂರಿಸಿದರು. ಸಿಓ ಟೂ ವೆಲ್ಡಿಂಗು, ಅದೂ ಚುಕ್ಕಿ ಚುಕ್ಕಿ. ಒಂದೇ ಸಮ ಎಳೆದರೆ ತೆಳು ತಗಡು ಸೊಟ್ಟಗಾಗುತ್ತದಂತೆ, ಸೊಟ್ಟಗಾದ ಕಿಂಡಿಗೆ ಗಾಜು ಕೂರಿಸಿದರೆ ಒಂದು ದಿನ ತಾನಾಗಿಯೇ ಒಡೆಯುತ್ತದಂತೆ. ಆಮೇಲೆ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಬಣ್ಣ. ಈ ಥಂಡಿಗೆ ಒಣಗಲು ಹೊತ್ತು ಬೇಕು, ಭಾನುವಾರ ಬನ್ನಿ ಅಂದರು.

ಅವರೇ ಇನ್ನೊಂದು ತೋರಿಸಿದರು. ಕ್ಯಾಬಿನ್ನು ಚಾಸಿಯ ಮೇಲೆ ನೇರವಾಗಿ ಕೂತಿರುವುದಿಲ್ಲ, ನಡುವೆ ರಬ್ಬರ್ ಬುಷ್ ಇರುತ್ತವೆ. ಹಿಂದಿನ ಎಡಗಡೆಯದು ಚಪ್ಪಟೆಯಾಗಿ ತಗಡಿಗೆ ತಗಡು ಮುಟ್ಟುತ್ತಿತ್ತು. ಹೊಂಡದಲ್ಲಿ ಒಂದು ಚಕ್ರ ಇಳಿದರೆ ಚಾಸಿ ತಿರುಚಿಕೊಳ್ಳುತ್ತದೆ. ಬುಷ್ ಸರಿ ಇದ್ದರೆ ಆ ತಿರುಚು ಅಲ್ಲೇ ಸಾಯುತ್ತದೆ, ಇಲ್ಲದಿದ್ದರೆ ಕ್ಯಾಬಿನ್ನಿಗೆ ಏರುತ್ತದೆ. ಆಗ ಗಾಜಿನ ಚೌಕ ಕಿಂಡಿ ಒಂದು ಕ್ಷಣ ಓರೆಯಾಗುತ್ತದೆ, ಗಾಜು ಓರೆಯಾಗದು. ಈಗಿನ ಕಾರುಗಳ ಹಾಗೆ ಗಾಜನ್ನು ಅಂಟಿಸಿಬಿಟ್ಟಿದ್ದರೆ ಅದೇ ಬಾಡಿಗೆ ಬಿಗಿ ಕೊಡುತ್ತಿತ್ತು. ರಬ್ಬರಿನಲ್ಲಿ ಕೂರಿಸಿದ ಗಾಜು ತೇಲುವ ಗಾಜು, ಅದರ ಸುತ್ತ ಬಾಡಿ ಅಲುಗಾಡುತ್ತದೆ. ನನಗೆ ಈ ಹಳೇ ಪದ್ಧತಿಯೇ ಸರಿ ಕಾಣುತ್ತದೆ. ಸೋಪು, ದಾರ, ಎರಡು ಜೊತೆ ಕೈ ಇದ್ದರೆ ಯಾವ ಊರಲ್ಲೂ ಬಿಚ್ಚಿ ಕೂರಿಸಬಹುದು.

ಎರಡೂ ಕಡೆಯ ಬುಷ್ ಬದಲಿಸಲು ಹೇಳಿದೆ. ಒಂದನ್ನೇ ಬದಲಿಸಿದರೆ ಕ್ಯಾಬಿನ್ನು ವಾಲುತ್ತದೆ.

ಮನೆಯಲ್ಲಿ ಅಪ್ಪಯ್ಯನ ಅಸಮಾಧಾನ. "ಮಳೆ ಹೊಳವಾದಾಗ ಔಷಧಿ ಹೊಡೀದೆ ಗಾಜು ರಿಪೇರಿ ಮಾಡ್ಸ್ತಾ ಕೂತ್ಲು ಮಾರಾಯ್ತಿ" ಎಂದು ಪಕ್ಕದ ಮನೆಯವರ ಹತ್ತಿರ ಹೇಳಿದ್ದು ಒಳಗೆ ನನಗೆ ಕೇಳಿಸಿತು. ತಮಗೆ ಕೇಳದಿದ್ದರೆ ಯಾರಿಗೂ ಕೇಳದು ಎಂಬ ನಂಬಿಕೆ ಅವರದು.

ಜೂನ್ 9, ಭಾನುವಾರ

ಗಾಜು ಕೂರಿಸುವುದನ್ನು ನಿಂತು ನೋಡಿದೆ, ಕೊನೆಗೆ ಕೈಯನ್ನೂ ಹಾಕಿದೆ.

ಮೊದಲು ಬೀಡಿಂಗನ್ನು ಗಾಜಿನ ಸುತ್ತ ಹೊದಿಸಿದರು. ಸರಿಯಾದ ಅಳತೆಗೆ ಕತ್ತರಿಸದೆ ಕೊಂಚ ಉದ್ದವೇ ಇಟ್ಟುಕೊಂಡು, ಆ ಹೆಚ್ಚಿನದನ್ನು ಒತ್ತಿ ಒತ್ತಿ ಒಳಗೆ ಸೇರಿಸಿದರು. "ರಬ್ಬರ್ ಮೋಸ ಮಾಡ್ತದೆ ಅಕ್ಕ. ಇವತ್ತು ಸರಿ ಇರ್ತದೆ, ಬೇಸಿಗೆ ಕಳೆದ್ರೆ ಕುಗ್ತದೆ, ಜಾಯಿಂಟ್ ಬಾಯಿ ಬಿಡ್ತದೆ." ಜಾಯಿಂಟು ಮೇಲಿನ ಅಂಚಿನ ನಡುವೆ ಬರುವ ಹಾಗೆ ಇಟ್ಟರು. ಕೆಳಗಿಟ್ಟರೆ ನೀರು ನಿಲ್ಲುವ ಜಾಗದಲ್ಲೇ ಬಾಗಿಲು ಇಟ್ಟ ಹಾಗೆ.

ಆಮೇಲೆ ದಾರ. ಪ್ಲಾಸ್ಟಿಕ್ ಹುರಿ, ಟ್ವೈನ್ ದಾರದಷ್ಟು ದಪ್ಪ. ತಗಡು ಕೂರಬೇಕಾದ ಸೀಳಿನೊಳಗೆ ಅದನ್ನು ಸುತ್ತಲೂ ಇಳಿಸಿ, ಎರಡು ತುದಿ ಕೆಳ ಅಂಚಿನ ನಡುವೆ ಒಂದರ ಮೇಲೊಂದು ದಾಟಿ ಕ್ಯಾಬಿನ್ನಿನ ಒಳಕ್ಕೆ ಇಳಿಬಿದ್ದಿರಬೇಕು. ತಗಡಿನ ಅಂಚಿಗೂ ರಬ್ಬರಿಗೂ ಸೋಪಿನ ನೀರು ಧಾರಾಳ. ಒಬ್ಬರು ಹೊರಗಿಂದ ಗಾಜನ್ನು ಕಿಂಡಿಗೆ ಆನಿಸಿ ಅಂಗೈಯಲ್ಲಿ ಒತ್ತುತ್ತ ನಿಂತರು. ಅಂಗಡಿಯವರು ಒಳಗೆ ಕೂತು ದಾರದ ಒಂದು ತುದಿಯನ್ನು ತಮ್ಮ ಕಡೆಗೆ, ಗಾಜಿನ ನಡುಭಾಗದ ದಿಕ್ಕಿಗೆ ಎಳೆಯುತ್ತ ಬಂದರು. ದಾರ ಈಚೆ ಬಂದ ಹಾಗೆ ರಬ್ಬರಿನ ಒಳತುಟಿ ಪಟ್ ಪಟ್ ಎಂದು ತಗಡನ್ನು ದಾಟಿ ಒಳಗೆ ಮಗುಚಿಕೊಂಡಿತು. ಹೊರಗಿನವರು ದಾರ ಎಲ್ಲಿದೆಯೋ ಅಲ್ಲೇ ಒತ್ತಬೇಕು, ಮುಂದೂ ಅಲ್ಲ ಹಿಂದೂ ಅಲ್ಲ. ಎಡಮೂಲೆಗೆ ಬಂದಾಗ ಹೊಸ ತಗಡಿನ ಅಂಚು ತುಸು ದಪ್ಪವಾಗಿ ದಾರ ಬಿಗಿಯಿತು. ಇನ್ನೊಂದು ಕೈ ಬೇಕು ಅಂದರು, ನಾನು ಒತ್ತಿದೆ. ಪಟ್ ಎಂದಿತು.

ಗಾಜು ಕೂತಮೇಲೆ ಬೀಡಿಂಗಿನ ಹೊರಮೈಯ ಸಣ್ಣ ಸೀಳಿಗೆ ಇನ್ನೊಂದು ತೆಳು ಪಟ್ಟಿ ತುರುಕುತ್ತಾರೆ. ಅದು ರಬ್ಬರಿಗೆ ಬೆಣೆ. ಒಳಗೆ ಹೋದಂತೆ ಇಡೀ ಬೀಡಿಂಗನ್ನು ಎರಡು ಕಡೆಗೂ ಹಿಗ್ಗಿಸಿ ಗಾಜನ್ನೂ ತಗಡನ್ನೂ ಬಿಗಿಯಾಗಿ ಹಿಡಿಸುತ್ತದೆ. ಅದನ್ನು ಕೂರಿಸಲು ತುದಿಯಲ್ಲಿ ತಂತಿಯ ಕುಣಿಕೆ ಇರುವ ಒಂದು ಹಿಡಿಕೆ ಇದೆ, ಕುಣಿಕೆ ಸೀಳನ್ನು ಅಗಲಿಸುತ್ತ ಹೋಗುತ್ತದೆ, ಪಟ್ಟಿ ಹಿಂದೆಯೇ ಇಳಿಯುತ್ತದೆ. ನೋಡುವುದಕ್ಕೇ ಚೆಂದ. ನಮ್ಮ ಹಳೇ ಬೀಡಿಂಗಿನಲ್ಲಿ ಈ ಪಟ್ಟಿ ಎಡಗಡೆ ಪೂರ್ತಿ ಇರಲೇ ಇಲ್ಲ, ಯಾವಾಗಲೋ ಎದ್ದು ಹೋಗಿದೆ. ಎಷ್ಟು ಸಲ ಗಾಡಿ ತೊಳೆದಿದ್ದೇವೆ, ಯಾರ ಕಣ್ಣಿಗೂ ಬೀಳಲಿಲ್ಲ.

ಸಿಲಿಕೋನ್ ಹೊಡೆಯಲೇ ಎಂದು ಕೇಳಿದರು, ಬೇಡ ಅಂದೆ. ವೆಲ್ಡಿಂಗ್ ಆದ ಮೂಲೆಯಲ್ಲಿ ಮಾತ್ರ ಒಣಗದ ಕಪ್ಪು ಬ್ಯೂಟೈಲ್ ಸ್ವಲ್ಪ ರಬ್ಬರಿನ ಅಡಿಗೆ ಇಟ್ಟರು. ಪೈಪಿನಲ್ಲಿ ನೀರು ಬಿಟ್ಟು ನೋಡಿದೆವು, ಮೊದಲು ಕೆಳಗೆ, ಆಮೇಲೆ ಮೇಲೆ. ಮೇಲಿಂದ ಶುರು ಮಾಡಿದರೆ ಎಲ್ಲಿ ಸೋರಿತು ಎಂದು ತಿಳಿಯುವುದಿಲ್ಲ. ಒಳಗೆ ಹಾಳೆ ಹಾಸಿದ್ದೆ. ಒಣಗಿಯೇ ಇತ್ತು.

ಜೂನ್ 11, ಮಂಗಳವಾರ

ಭಾನುವಾರ ರಾತ್ರಿ ವಾಪಸು ಬರುವಾಗ ಬೇಕೆಂದೇ ಎರಡನೇ ಗೇರಿನಲ್ಲಿ ಎಳೆದೆ. ಕಿತ್ತ ರಸ್ತೆಯನ್ನೂ ಬಿಡದೆ ಹಾಯಿಸಿದೆ. ಗಡಗಡ ಇಲ್ಲ. ಹೊಸ ರಬ್ಬರು ತಗಡಿಗೆ ತಿಕ್ಕಿ ಕಿರ್ ಎಂದು ಆಗಾಗ ಒಂದು ಸಣ್ಣ ದನಿ ಇತ್ತು, ಅದು ಬಡಿತದ ಸದ್ದಲ್ಲ, ಅಂಟಿ ಬಿಡುವ ಸದ್ದು. ನಿನ್ನೆ ಒಳಗಿನ ತುಟಿಯ ಅಡಿಗೆ ಸ್ವಲ್ಪ ಪೌಡರ್ ಉಜ್ಜಿದೆ, ಹೋಯಿತು. ಕ್ಯಾಬಿನ್ ಬುಷ್ ಬದಲಿಸಿದ್ದರ ಫಲ ಗಾಜಿಗಿಂತ ಸ್ಟೀರಿಂಗಿನಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಇವತ್ತು ಅಪ್ಪಯ್ಯನನ್ನು ಪೇಟೆಗೆ ಕರೆದುಕೊಂಡು ಹೋದೆ. ಹತ್ತಿ ಕೂತವರು ರೂಢಿಯಂತೆ ಕಿವಿಗೆ ಕೈ ಹಾಕಿದರು. "ಇರ್ಲಿ, ಇವತ್ತು ತೆಗೀಬೇಡಿ" ಅಂದೆ. ಸ್ವಲ್ಪ ದೂರ ಸುಮ್ಮನಿದ್ದರು. ಆಮೇಲೆ ಶುರುವಾದದ್ದು ಪೇಟೆ ಮುಟ್ಟಿದರೂ ನಿಲ್ಲಲಿಲ್ಲ: ಕ್ಲಚ್ ಮೇಲೆ ಕಾಲಿಡಬೇಡ, ಆ ತಿರುವಿನಲ್ಲಿ ಹಾರ್ನ್ ಮಾಡು, ರಾಶಿ ಅಡಿಕೆ ಈಗಲೇ ಕೊಡಬಾರದಿತ್ತು, ಕೆಳಗಿನ ತೋಟಕ್ಕೆ ಮಣ್ಣು ಹಾಕಿಸದೆ ಎಷ್ಟು ವರ್ಷವಾಯಿತು, ತಮ್ಮನ ಪಾಲಿನ ಕಾಗದ ಎಂದು ಮಾಡಿಸುವುದು. ಪಾಲಿನ ವಿಷಯ ಬಂದಾಗ ನಾನು ಗೇರನ್ನು ಮೂರರಿಂದ ಎರಡಕ್ಕೆ ಇಳಿಸಿ ನೋಡಿದೆ. ಗಾಜು ಬಾಯಿ ಬಿಡಲಿಲ್ಲ.

ಜೂನ್ 16, ಭಾನುವಾರ

ಮೃಗಶಿರ ಮಳೆ ಎರಡು ದಿನ ಹೊಳವು ಕೊಟ್ಟಿತು, ಮೊದಲ ಔಷಧಿ ಮುಗಿಯಿತು. ಡ್ರಮ್ಮುಗಳ ಜಾಗ ಬದಲಿಸಿದೆ. ತುತ್ತದ್ದು ಈಗ ಹಿಂಬಾಗಿಲ ಹತ್ತಿರ, ಮುಚ್ಚಳಕ್ಕೆ ಟ್ಯೂಬಿನ ವಾಷರು. ಕ್ಯಾಬಿನ್ನಿನ ಹಿಂದೆ ಸುಣ್ಣದ ಹಾಲಿನ ಡ್ರಮ್ಮು. ತುಳುಕಿದರೆ ಬಿಳಿ ಕಲೆಯಾಗುತ್ತದೆ, ತಗಡು ತಿನ್ನುವುದಿಲ್ಲ. ಕೆಲಸ ಮುಗಿದ ದಿನ ಬಾಡಿಯ ಮೂಲೆಗಳಿಗೆ ಬಕೆಟ್ ನೀರು ಹುಯ್ಯುವುದು ಹುಡುಗನ ಪಾಲಿಗೆ. ಡೀಸೆಲ್ ಬಟ್ಟೆಯನ್ನು ನಾನೇ ಒಲೆಗೆ ಹಾಕಿದೆ.

ಖರ್ಚಿನ ಬಗ್ಗೆ ತಮ್ಮನ ಜತೆ ಫೋನಿನಲ್ಲಿ ಮಾತಾಯಿತು. ಬೀಡಿಂಗಿನದು ಕಡಿಮೆ, ವೆಲ್ಡಿಂಗು ಬಣ್ಣದ್ದೇ ಹೆಚ್ಚು. "ಅಷ್ಟಕ್ಕೆ ಮ್ಯೂಸಿಕ್ ಸಿಸ್ಟಮ್ಮೇ ಬರ್ತಿತ್ತಲ್ಲೇ" ಅಂದ. ಸೀಟು ಒಣಗಿತು, ತಗಡು ಉಳಿಯಿತು ಎಂದೆಲ್ಲ ವಿವರಿಸುವ ತಾಳ್ಮೆ ಇರಲಿಲ್ಲ. ಅರ್ಧ ದುಡ್ಡು ಕಳಿಸು ಅಂದೆ.

ಮೇಲಿನಮನೆಯವರ ಪಿಕಪ್ಪಿನಲ್ಲೂ ಇದೇ ಗಡಗಡವಂತೆ. ಸಂಜೆ ತಂದಿದ್ದರು. ಮದುವೆ ಕಾಗದ ತೂರಿಸಿ ಸುತ್ತ ನೋಡಿದೆ, ಎಲ್ಲೂ ಹೋಗಲಿಲ್ಲ. ಅವರದು ಸರಳಿನ ಚೌಕಟ್ಟಿನ ಬೋಲ್ಟು. ಹತ್ತು ರೂಪಾಯಿಯ ವಾಷರ್ ಕೆಲಸ, ನಿಂತಲ್ಲೇ ಮಾಡಿ ಕಳಿಸಿದೆ.